ರೆಕ್ಕೆಗೆ ಮಂಜುಗಡ್ಡೆ, ಲೆಕ್ಕಕ್ಕೆ ಪೆಟ್ರೋಲು: ಲಿಂಡ್‌ಬರ್ಗ್ ಹಾರಿದ ಬಗೆ

1927ರ ಮೇ 20ರ ರಾತ್ರಿ. ನ್ಯೂಫೌಂಡ್‌ಲೆಂಡ್ ದ್ವೀಪದ ದೀಪಗಳು ಹಿಂದೆ ಸರಿದು ಕಣ್ಮರೆಯಾಗಿದ್ದವು. ಅಟ್ಲಾಂಟಿಕ್ ಸಾಗರದ ಮೇಲೆ ಹತ್ತು ಸಾವಿರ ಅಡಿಗೂ ಮಿಗಿಲಾದ ಎತ್ತರದಲ್ಲಿ ಒಂಟಿ ಎಂಜಿನ್ನಿನ ಪುಟ್ಟ ವಿಮಾನವೊಂದು ಪೂರ್ವಾಭಿಮುಖವಾಗಿ ಸಾಗುತ್ತಿತ್ತು. ಎದುರಿಗೆ ಬೆಟ್ಟದಂತೆ ನಿಂತಿದ್ದ ಮೋಡದೊಳಕ್ಕೆ ವಿಮಾನ ನುಗ್ಗಿದ ಸ್ವಲ್ಪ ಹೊತ್ತಿಗೆ ಚಾಲಕನಿಗೆ ಅಸಹಜವಾದ ಚಳಿ ತಟ್ಟಿತು. ಕೈಗವಸು ಕಳಚಿ ಅಂಗೈಯನ್ನು ಕಿಟಕಿಯಿಂದ ಹೊರಗೆ ಚಾಚಿದ. ಸೂಜಿ ಚುಚ್ಚಿದ ಅನುಭವವಾಯಿತು. ಟಾರ್ಚ್ ಬೆಳಕು ಬಿಟ್ಟು ನೋಡಿದರೆ ರೆಕ್ಕೆಗೆ ಆಸರೆಯಾಗಿದ್ದ ಕಂಬದ ಅಂಚಿನಲ್ಲಿ ಮಂಜುಗಡ್ಡೆ ಹೊಳೆಯುತ್ತಿತ್ತು.

ಚಾಲಕನ ಹೆಸರು ಚಾರ್ಲ್ಸ್ ಲಿಂಡ್‌ಬರ್ಗ್. ವಯಸ್ಸು ಇಪ್ಪತ್ತೈದು. ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಎಲ್ಲಿಯೂ ಇಳಿಯದೆ ಒಬ್ಬಂಟಿಯಾಗಿ ಹಾರಿ ಜಗದ್ವಿಖ್ಯಾತನಾದ ಈತನನ್ನು ಅಂದಿನ ಪತ್ರಿಕೆಗಳು ಅದೃಷ್ಟಶಾಲಿ ಎಂದೇ ಕರೆದವು. ಹುಚ್ಚು ಸಾಹಸಿ ಎಂದವರೂ ಉಂಟು. ಆದರೆ ಆ ಮೋಡದೊಳಗೆ ಆತ ಮಾಡಿದ್ದನ್ನು ಗಮನಿಸಿದರೆ ಎರಡೂ ಬಿರುದುಗಳು ಸರಿಹೊಂದುವುದಿಲ್ಲ. ಆತ ವಿಮಾನವನ್ನು ಹಿಂದಕ್ಕೆ ತಿರುಗಿಸಿದ.

ಅದೂ ಆತುರದಿಂದಲ್ಲ. ಮಂಜುಗಡ್ಡೆ ಕಟ್ಟಿದ ವಿಮಾನವನ್ನು ಬಿರುಸಾಗಿ ಓರೆ ಮಾಡಿ ತಿರುಗಿಸಿದರೆ ರೆಕ್ಕೆಗಳು ಗಾಳಿಯ ಹಿಡಿತ ಕಳೆದುಕೊಂಡು ವಿಮಾನ ಕುಸಿಯುತ್ತದೆ. ನಿಧಾನವಾಗಿ, ಅಗಲವಾದ ಸುತ್ತು ಹಾಕಿ, ಬಂದ ದಾರಿಯಲ್ಲೇ ಹೊರಬಿದ್ದು ಆತ ಮತ್ತೆ ನಕ್ಷತ್ರಗಳನ್ನು ಕಂಡ. ನ್ಯೂಯಾರ್ಕಿಗೆ ಮರಳುವ ಯೋಚನೆಯೂ ಸುಳಿದುಹೋಯಿತು. ಕೊನೆಗೆ ಮೋಡಗಳ ಗೋಪುರಗಳನ್ನು ಬಳಸಿಕೊಂಡು, ಅವುಗಳ ನಡುವಿನ ಕಣಿವೆಗಳಲ್ಲಿ ನುಸುಳಿಕೊಂಡು ಪೂರ್ವಕ್ಕೆ ಸಾಗಿದ. ಮುಂದೆ ಬೆಚ್ಚಗಿನ ಗಾಳಿ ಸಿಕ್ಕಿತು. ಉಳಿದ ಮಂಜು ಕರಗಿತು.

ರೆಕ್ಕೆಯ ಮೇಲಿನ ಮಂಜು ಅಷ್ಟೊಂದು ಭಯಂಕರವೇ ಎಂದು ಕೇಳುವವರಿರಬಹುದು. ಬಹುತೇಕರು ಅದರ ಭಾರವೇ ಅಪಾಯ ಎಂದು ಭಾವಿಸುತ್ತಾರೆ. ಭಾರವೂ ಹೌದು, ಆದರೆ ಅದು ಎರಡನೆಯ ಮಾತು. ಶೂನ್ಯ ಡಿಗ್ರಿಗಿಂತ ಕೆಳಗಿಳಿದರೂ ಗಟ್ಟಿಯಾಗದೆ ನೀರಾಗಿಯೇ ಉಳಿದ ಹನಿಗಳು ಮೋಡದಲ್ಲಿ ತೇಲುತ್ತಿರುತ್ತವೆ. ವಿಮಾನದ ರೆಕ್ಕೆ ತಗುಲಿದ ಕ್ಷಣವೇ ಅವು ಹೆಪ್ಪುಗಟ್ಟುತ್ತವೆ. ನುಣುಪಾದ ಬಾಗಿನಿಂದ ಗಾಳಿಯನ್ನು ಹಾಯಿಸಬೇಕಾದ ರೆಕ್ಕೆಯ ಮುಂದಿನ ಅಂಚು ಒರಟಾಗಿ ಅಡ್ಡಾದಿಡ್ಡಿಯಾಗುತ್ತದೆ. ಒರಟು ಉಪ್ಪುಕಾಗದದಷ್ಟು ತೆಳ್ಳಗಿನ ಹಿಮದ ಪದರವೂ ರೆಕ್ಕೆಯ ಎತ್ತುವ ಶಕ್ತಿಯನ್ನು ಶೇಕಡಾ 30ರಷ್ಟು ತಗ್ಗಿಸಿ, ಗಾಳಿಯ ಅಡೆತಡೆಯನ್ನು ಶೇಕಡಾ 40ರಷ್ಟು ಹೆಚ್ಚಿಸಬಲ್ಲದು ಎಂಬುದು ವಿಮಾನಯಾನದಲ್ಲಿ ಇಂದು ಎಲ್ಲರೂ ಒಪ್ಪುವ ಅಂದಾಜು. ದೊಡ್ಡ ಎಂಜಿನ್‌ಗಳಿದ್ದ ವಿಮಾನವಾದರೆ ಶಕ್ತಿ ಹೆಚ್ಚಿಸಿ ಮೇಲೇರಬಹುದು. 223 ಅಶ್ವಶಕ್ತಿಯ ಒಂದೇ ಎಂಜಿನ್, ಹೊಟ್ಟೆ ತುಂಬ ಪೆಟ್ರೋಲು ಹೊತ್ತ ವಿಮಾನಕ್ಕೆ ಆ ಅವಕಾಶವೆಲ್ಲಿ? ಇನ್ನೂ ಒಂದು ಆತಂಕವಿತ್ತು. ವೇಗ ಮತ್ತು ತಿರುವು ತೋರಿಸುವ ಮಾಪಕಗಳು ಹೊರಗಿನ ಕೊಳವೆಗಳ ಮೂಲಕ ಹಾಯುವ ಗಾಳಿಯನ್ನೇ ನಂಬಿದ್ದವು. ಅವು ಮಂಜಿನಿಂದ ಮುಚ್ಚಿಕೊಂಡರೆ ಮೋಡದೊಳಗೆ ಚಾಲಕ ಕುರುಡನಂತೆಯೇ. ಇದು ಹಳೆಯ ಕಾಲದ ಭೀತಿಯೆಂದು ತಳ್ಳಿಹಾಕುವಂತಿಲ್ಲ: 2009ರಲ್ಲಿ ರಿಯೋದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ ವಿಮಾನ ಇದೇ ಅಟ್ಲಾಂಟಿಕ್‌ಗೆ ಬಿದ್ದು 228 ಮಂದಿ ಮಡಿದ ದುರಂತ ಆರಂಭವಾದದ್ದು ವೇಗಮಾಪಕದ ಕೊಳವೆಗಳಿಗೆ ಹಿಮದ ಹರಳುಗಳು ಕಟ್ಟಿಕೊಂಡದ್ದರಿಂದ.

ಲಿಂಡ್‌ಬರ್ಗ್‌ಗೆ ಈ ಎಚ್ಚರ ಹುಟ್ಟಿನಿಂದ ಬಂದದ್ದಲ್ಲ. ಆತ ಜನಿಸಿದ್ದು 1902ರ ಫೆಬ್ರವರಿ 4ರಂದು, ಡೆಟ್ರಾಯಿಟ್‌ನಲ್ಲಿ. ಬಾಲ್ಯ ಕಳೆದದ್ದು ಮಿನೆಸೋಟ ರಾಜ್ಯದ ಲಿಟಲ್ ಫಾಲ್ಸ್ ಎಂಬ ಊರಿನಲ್ಲಿ. ತಂದೆ ಅಮೆರಿಕ ಸಂಸತ್ತಿನ ಸದಸ್ಯ, ತಾಯಿ ರಸಾಯನಶಾಸ್ತ್ರದ ಅಧ್ಯಾಪಕಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಲು ಸೇರಿದವನು ಅರ್ಧಕ್ಕೇ ಬಿಟ್ಟು 1922ರಲ್ಲಿ ಹಾರಾಟ ಕಲಿಯಲು ನೆಬ್ರಾಸ್ಕಕ್ಕೆ ಹೋದ. ಮರುವರ್ಷ ಯುದ್ಧದಲ್ಲಿ ಮಿಕ್ಕಿದ ಹಳೆಯ ವಿಮಾನವೊಂದನ್ನು 500 ಡಾಲರಿಗೆ ಕೊಂಡು ಊರೂರು ಅಲೆದು ಪ್ರದರ್ಶನ ನೀಡಿದ. ಸೇನೆಯ ತರಬೇತಿಯನ್ನು 1925ರಲ್ಲಿ ಮೊದಲಿಗನಾಗಿ ಮುಗಿಸಿದ.

1926ರಲ್ಲಿ ಸೇಂಟ್ ಲೂಯಿಸ್ ಮತ್ತು ಷಿಕಾಗೋ ನಡುವೆ ಅಂಚೆ ಒಯ್ಯುವ ಕೆಲಸ ಸಿಕ್ಕಿತು. ಆ ದಿನಗಳ ಅಂಚೆ ವಿಮಾನದ ಚಾಲಕನಿಗೆ ಹವಾಮಾನವೇ ಯಮ. ಸೆಪ್ಟೆಂಬರಿನ ಒಂದು ರಾತ್ರಿ ದಟ್ಟ ಮಂಜು ಮುಸುಕಿ ನೆಲವೇ ಕಾಣದಾಯಿತು. ಇನ್ನೂ ಸಾಕಷ್ಟು ಪೆಟ್ರೋಲು ಇದೆಯೆಂದು ನಂಬಿ ಸುತ್ತುತ್ತಿದ್ದಾಗ ಎಂಜಿನ್ ನಿಂತಿತು. ದುರಸ್ತಿಗೆಂದು ಮೂಲ ಟ್ಯಾಂಕನ್ನು ತೆಗೆದು ಅದರ ಜಾಗದಲ್ಲಿ ಚಿಕ್ಕದೊಂದನ್ನು ಕೂರಿಸಿದ್ದರು, ಚಾಲಕನಿಗೆ ತಿಳಿಸಿರಲಿಲ್ಲ! ಪ್ಯಾರಾಷೂಟಿನಲ್ಲಿ ಜಿಗಿದ. ಖಾಲಿ ವಿಮಾನ ಮೂತಿ ಕೆಳಗೆ ಮಾಡಿದಾಗ ತಳದ ಪೆಟ್ರೋಲು ಎಂಜಿನ್‌ಗೆ ಹರಿದು ಅದು ಮತ್ತೆ ಚಾಲೂ ಆಗಿ, ಇಳಿಯುತ್ತಿದ್ದವನ ಸುತ್ತಲೇ ಗಿರಕಿ ಹೊಡೆಯಿತು. ನವೆಂಬರಿನಲ್ಲಿ ಹಿಮಮಳೆಯ ರಾತ್ರಿಯೊಂದರಲ್ಲಿ ಮತ್ತೆ ಜಿಗಿಯಬೇಕಾಯಿತು. ಅಲ್ಲಿಗೆ ಆತ ಪ್ಯಾರಾಷೂಟಿನಿಂದ ಜೀವ ಉಳಿಸಿಕೊಂಡದ್ದು ನಾಲ್ಕನೆಯ ಬಾರಿ. ಇಂಧನದ ಲೆಕ್ಕವನ್ನು ಯಾರ ಬಾಯಿಮಾತಿಗೂ ಬಿಡಬಾರದೆಂಬ ಹಟ ಆತನಲ್ಲಿ ಬೇರೂರಿದ್ದರ ಹಿಂದೆ ಆ ಚಿಕ್ಕ ಟ್ಯಾಂಕಿನ ಪಾಲು ದೊಡ್ಡದು.

ನ್ಯೂಯಾರ್ಕ್-ಪ್ಯಾರಿಸ್ ಹಾರಾಟಕ್ಕೆ 25,000 ಡಾಲರ್ ಬಹುಮಾನವನ್ನು ಹೋಟೆಲ್ ಉದ್ಯಮಿ ರೇಮಂಡ್ ಓರ್ಟೆಗ್ 1919ರಲ್ಲಿಯೇ ಘೋಷಿಸಿದ್ದ. ಪ್ರಯತ್ನಿಸಿದ ಘಟಾನುಘಟಿಗಳು ದೊಡ್ಡ ವಿಮಾನಗಳನ್ನೇ ನೆಚ್ಚಿದರು. ಫ್ರಾನ್ಸಿನ ಯುದ್ಧವೀರ ರೆನೆ ಫಾಂಕ್‌ನ ಮೂರು ಎಂಜಿನ್ನಿನ ಭಾರೀ ವಿಮಾನ 1926ರ ಸೆಪ್ಟೆಂಬರಿನಲ್ಲಿ ನೆಲ ಬಿಡಲಾಗದೆ ಉರುಳಿ ಇಬ್ಬರನ್ನು ಸುಟ್ಟಿತು. 1927ರ ಏಪ್ರಿಲಿನಲ್ಲಿ ಡೇವಿಸ್ ಮತ್ತು ವೂಸ್ಟರ್ ಪರೀಕ್ಷಾ ಹಾರಾಟದಲ್ಲೇ ಸತ್ತರು. ಮೇ 8ರಂದು ಪ್ಯಾರಿಸ್ಸಿನಿಂದ ಹೊರಟ ನಂಜೆಸರ್ ಮತ್ತು ಕೋಲಿ ಮರಳಿ ಕಾಣಲೇ ಇಲ್ಲ. ಲಿಂಡ್‌ಬರ್ಗ್‌ನ ಲೆಕ್ಕಾಚಾರ ತಿರುಗುಮುರುಗು: ಎಂಜಿನ್ ಹೆಚ್ಚಿದಷ್ಟೂ ಕೆಡುವ ಸಾಧ್ಯತೆ ಹೆಚ್ಚು, ಜನ ಹೆಚ್ಚಿದಷ್ಟೂ ಪೆಟ್ರೋಲಿಗೆ ಜಾಗ ಕಡಿಮೆ.

ಸ್ಯಾನ್ ಡಿಯಾಗೋದ ರಯಾನ್ ಕಂಪನಿಯಲ್ಲಿ ಎಂಜಿನಿಯರ್ ಡೊನಾಲ್ಡ್ ಹಾಲ್ ಜೊತೆ ಕುಳಿತು ಆತ ಅರವತ್ತು ದಿನಗಳಲ್ಲಿ ಸಿದ್ಧಪಡಿಸಿದ ಸ್ಪಿರಿಟ್ ಆಫ್ ಸೇಂಟ್ ಲೂಯಿಸ್, ಸಣ್ಣ ವಿಮಾನದ ಸಾಮರ್ಥ್ಯವನ್ನು ಎಲ್ಲಿಯವರೆಗೆ ಹಿಗ್ಗಿಸಬಹುದು ಎಂಬುದಕ್ಕೆ ಇಂದಿಗೂ ಒಳ್ಳೆಯ ಪಾಠ. ಕಂಪನಿಯ ಮಾಮೂಲು ಮಾದರಿಯ ರೆಕ್ಕೆಯನ್ನು 10 ಅಡಿ ಉದ್ದ ಮಾಡಿ 46 ಅಡಿಗೆ ಏರಿಸಿದರು. ಉದ್ದನೆಯ ರೆಕ್ಕೆ ಕಡಿಮೆ ಶಕ್ತಿಯಲ್ಲಿ ಹೆಚ್ಚು ಭಾರ ಎತ್ತುತ್ತದೆ. ಬಾಲವನ್ನು ಮಾತ್ರ ಹಾಗೆಯೇ ಬಿಟ್ಟರು. ಇದರಿಂದ ವಿಮಾನ ಸ್ಥಿರವಾಗಿ ನಿಲ್ಲದೆ ಸದಾ ತೊನೆಯುತ್ತಿತ್ತು; ನಿದ್ದೆಗೆಟ್ಟ ಚಾಲಕನನ್ನು ಎಚ್ಚರವಾಗಿರಿಸಿದ್ದೂ ಅದೇ ದೋಷ. ಮುಖ್ಯ ಟ್ಯಾಂಕನ್ನು ಚಾಲಕನ ಮುಂದೆಯೇ ಇಟ್ಟದ್ದರಿಂದ ಎದುರಿನ ನೋಟವೇ ಇಲ್ಲ. ಬಿದ್ದಾಗ ಎಂಜಿನ್ ಮತ್ತು ಟ್ಯಾಂಕಿನ ನಡುವೆ ಸಿಕ್ಕಿ ಅಪ್ಪಚ್ಚಿಯಾಗುವುದಕ್ಕಿಂತ ಕುರುಡಾಗಿ ಹಾರುವುದೇ ಲೇಸೆಂದು ಆತ ಆರಿಸಿಕೊಂಡ. ರೇಡಿಯೋ ಬೇಡ, ಪ್ಯಾರಾಷೂಟ್ ಬೇಡ, ಆಸನಕ್ಕೆ ಬೆತ್ತದ ಕುರ್ಚಿ ಸಾಕು. ಭೂಪಟಗಳ ಬೇಡದ ಅಂಚುಗಳನ್ನೂ ಕತ್ತರಿಸಿ ಎಸೆದ. ಇಷ್ಟೆಲ್ಲ ಜಿಪುಣತನ ಮಾಡಿ ತುಂಬಿಸಿಕೊಂಡದ್ದು ಸುಮಾರು 1,700 ಲೀಟರ್ ಪೆಟ್ರೋಲು. ನೆಲ ಬಿಡುವಾಗಿನ ಒಟ್ಟು ತೂಕ 2,380 ಕಿಲೋ ಆಸುಪಾಸಿನಲ್ಲಿದ್ದರೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲೇ!

ಮಂಜುಗಡ್ಡೆಯ ಮೊದಲ ಎಚ್ಚರಿಕೆ ಬಂದದ್ದು ಸಾಗರದ ಮೇಲಲ್ಲ, ಸ್ಯಾನ್ ಡಿಯಾಗೋದಿಂದ ಸೇಂಟ್ ಲೂಯಿಸ್‌ಗೆ ಹಾರುವಾಗ. ರಾತ್ರಿ ಪರ್ವತಗಳ ಮೇಲೆ ಎಂಜಿನ್ ಕೆಮ್ಮತೊಡಗಿತು. ಪೆಟ್ರೋಲು ಆವಿಯಾಗುವಾಗ ಕಾರ್ಬ್ಯುರೇಟರಿನೊಳಗೆ ಶಾಖ ಇಳಿದು, ಹೊರಗೆ ಹಿಮವಿಲ್ಲದಿದ್ದರೂ ಒಳಗೆ ಮಂಜು ಕಟ್ಟುವುದುಂಟು. ಸುತ್ತು ಹಾಕುತ್ತಾ ಕಾದು, ಎಂಜಿನ್ ಸುಧಾರಿಸಿದ ಮೇಲೆಯೇ ಮುಂದುವರಿದ ಲಿಂಡ್‌ಬರ್ಗ್, ನ್ಯೂಯಾರ್ಕ್ ತಲುಪಿದೊಡನೆ ಕಾರ್ಬ್ಯುರೇಟರಿಗೆ ಬಿಸಿಗಾಳಿ ನೀಡುವ ಸಾಧನ ಹಾಕಿಸಿದ. ಅಷ್ಟು ತೂಕ ಹೆಚ್ಚಾದರೆ ಆಗಲಿ ಎಂದು ಆತ ಒಪ್ಪಿದ ಕೆಲವೇ ವಸ್ತುಗಳಲ್ಲಿ ಇದೂ ಒಂದು. ರೆಕ್ಕೆಗೆ ಮಾತ್ರ ಅಂಥ ಯಾವ ರಕ್ಷಣೆಯೂ ಅಂದು ಇರಲಿಲ್ಲ.

ಉಳಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಮೇ 20ರ ಬೆಳಿಗ್ಗೆ 7.52ಕ್ಕೆ ಲಾಂಗ್ ಐಲೆಂಡಿನ ರೂಸ್‌ವೆಲ್ಟ್ ಫೀಲ್ಡ್‌ನ ಕೆಸರಿನಿಂದ ಎದ್ದು, ಟೆಲಿಫೋನ್ ತಂತಿಗಳನ್ನು ಕೂದಲೆಳೆಯಲ್ಲಿ ದಾಟಿ, 5,800 ಕಿಲೋಮೀಟರ್ ಹಾರಿ, ಮೂವತ್ತಮೂರೂವರೆ ಗಂಟೆಗಳ ಬಳಿಕ ಪ್ಯಾರಿಸ್ಸಿನ ಲ ಬೂರ್ಜೆಯಲ್ಲಿ ಇಳಿದ. ಲಕ್ಷಕ್ಕೂ ಮಿಕ್ಕಿದ ಜನ ಮುಗಿಬಿದ್ದರು. ಟ್ಯಾಂಕುಗಳಲ್ಲಿ ಇನ್ನೂ 320 ಲೀಟರ್ ಪೆಟ್ರೋಲು ಉಳಿದಿತ್ತು.

ಆ ಕೀರ್ತಿಯನ್ನು ಆತ ವಿಮಾನಯಾನದ ಕೆಲಸಕ್ಕೆ ದುಡಿಸಿದ. 1929ರಲ್ಲಿ ಆನ್ ಮಾರೋಳನ್ನು ಮದುವೆಯಾದ. ಆಕೆ ಪತ್ನಿ ಮಾತ್ರವಲ್ಲ, ದಿಕ್ಕು ನೋಡುವ, ರೇಡಿಯೋ ನಡೆಸುವ ಸಹಚಾಲಕಿಯೂ ಆದಳು. 1930ರಲ್ಲಿ ಇಬ್ಬರೂ ಅಮೆರಿಕ ಖಂಡವನ್ನು 14 ಗಂಟೆ 45 ನಿಮಿಷಗಳಲ್ಲಿ ದಾಟಿ, ಎತ್ತರದ ತೆಳುಗಾಳಿಯಲ್ಲಿ ಕೆಟ್ಟ ಹವೆಯ ಮೇಲೆಯೇ ಹಾರುವುದು ಲಾಭಕರವೆಂದು ತೋರಿಸಿದರು. 1931ರಿಂದ 1939ರವರೆಗೆ ಲಿಂಡ್‌ಬರ್ಗ್ ಅಮೆರಿಕದ ವಿಮಾನಯಾನ ಸಂಶೋಧನಾ ಸಮಿತಿ ನಾಕಾದ ಸದಸ್ಯನಾಗಿದ್ದ. ರೆಕ್ಕೆಯ ಮಂಜನ್ನು ಸುರಂಗದಲ್ಲಿ ಸೃಷ್ಟಿಸಿ ಅಭ್ಯಸಿಸುವ ಕೆಲಸವನ್ನು ಆ ಸಂಸ್ಥೆ 1920ರ ದಶಕದ ಕೊನೆಗೇ ಆರಂಭಿಸಿತ್ತು. ಅಲ್ಲಿನ ಎಂಜಿನಿಯರ್ ಲೂಯಿಸ್ ರೋಡರ್ಟ್, ಎಂಜಿನ್ ಉಗುಳುವ ಶಾಖದಿಂದಲೇ ರೆಕ್ಕೆಯನ್ನು ಬೆಚ್ಚಗಿಡುವ ವಿಧಾನವನ್ನು ರೂಪಿಸಿ 1946ರ ಕಾಲಿಯರ್ ಪ್ರಶಸ್ತಿ ಪಡೆದ. ಅಷ್ಟರಲ್ಲಿ ಗುಡ್‌ರಿಚ್ ಕಂಪನಿಯ ರಬ್ಬರ್ ಪಟ್ಟಿಗಳೂ ಬಂದಿದ್ದವು: ರೆಕ್ಕೆಯ ಅಂಚಿಗೆ ಅಂಟಿಸಿದ ಪಟ್ಟಿಗೆ ಗಾಳಿ ತುಂಬಿದರೆ ಅದು ಉಬ್ಬಿ ಮಂಜನ್ನು ಒಡೆದು ಉದುರಿಸುತ್ತದೆ. ಇಂಥ ವ್ಯವಸ್ಥೆ ಇಲ್ಲದ ಸಣ್ಣ ವಿಮಾನಗಳು ಇಂದಿಗೂ ಲೆಕ್ಕವಿಲ್ಲದಷ್ಟಿವೆ. ಅವುಗಳ ಚಾಲಕರಿಗೆ ಕಲಿಸುವುದು ಲಿಂಡ್‌ಬರ್ಗ್ ಮಾಡಿದ್ದನ್ನೇ: ಮಂಜು ಕಂಡೊಡನೆ ಹೊರಬೀಳಿ.

1933ರಲ್ಲಿ ದಂಪತಿ ವಿಮಾನಮಾರ್ಗಗಳ ಸಮೀಕ್ಷೆಗಾಗಿ ಗ್ರೀನ್‌ಲೆಂಡ್, ಐಸ್‌ಲೆಂಡ್ ಸುತ್ತಿ ಆಫ್ರಿಕಕ್ಕೆ ಬಂದರು. ಗ್ಯಾಂಬಿಯಾದ ಬಾಥರ್ಸ್ಟ್‌ನಲ್ಲಿ ಗಾಳಿಯೇ ಬೀಸದೆ, ಇಂಧನ ತುಂಬಿದ ವಿಮಾನ ನೀರಿನಿಂದ ಮೇಲೇಳದಾಯಿತು. ಮತ್ತೆ ಅದೇ ಹಳೆಯ ಕಸುಬು. ಬೇಡದ ಟ್ಯಾಂಕೊಂದನ್ನು ಕತ್ತರಿಸಿ ತೆಗೆದು, ಸಾಮಾನುಗಳನ್ನು ಬಿಟ್ಟು, ಗಾಳಿಗಾಗಿ ಕಾದು, ಡಿಸೆಂಬರಿನ ರಾತ್ರಿಯೊಂದರಲ್ಲಿ ಕೊನೆಗೂ ಎದ್ದು ಬ್ರೆಜಿಲ್ ತಲುಪಿದರು. 1937ರಲ್ಲಿ ಇಬ್ಬರೂ ಇಂಗ್ಲೆಂಡಿನಿಂದ ಪುಟ್ಟ ಮೈಲ್ಸ್ ಮೋಹಾಕ್ ವಿಮಾನದಲ್ಲಿ ಭಾರತಕ್ಕೂ ಬಂದು, ಶ್ರೀರಾಮಕೃಷ್ಣ ಪರಮಹಂಸರ ಶತಮಾನೋತ್ಸವದ ಅಂಗವಾಗಿ ಕಲ್ಕತ್ತೆಯಲ್ಲಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ ಪಾಲ್ಗೊಂಡಿದ್ದರು.

ಆಗ ಅವರು ಇಂಗ್ಲೆಂಡಿನಲ್ಲಿ ನೆಲೆಸಿದ್ದಕ್ಕೆ ಕಾರಣ ಘೋರವಾದದ್ದು. 1932ರ ಮಾರ್ಚ್ 1ರಂದು ಅವರ ಇಪ್ಪತ್ತು ತಿಂಗಳ ಮಗುವನ್ನು ಮನೆಯಿಂದಲೇ ಅಪಹರಿಸಿ ಕೊಂದಿದ್ದರು. ವಿಚಾರಣೆ, ಪತ್ರಕರ್ತರ ಹಿಂಡು, ಬೆದರಿಕೆ ಪತ್ರಗಳಿಂದ ಬೇಸತ್ತು 1935ರ ಕೊನೆಗೆ ದೇಶ ಬಿಟ್ಟರು. ನಮ್ಮ ವೃತ್ತಿಬಾಂಧವರು ಅಂದು ನಡೆದುಕೊಂಡ ರೀತಿ ಹೆಮ್ಮೆಪಡುವಂಥದ್ದಲ್ಲ.

ಯುರೋಪಿನಲ್ಲಿ ಆತ ಎಡವಿದ. ಜರ್ಮನಿಗೆ ಹಲವು ಬಾರಿ ಭೇಟಿ ನೀಡಿ, ನಾಜಿಗಳ ವಾಯುಬಲವನ್ನು ಅತಿಯಾಗಿ ಅಂದಾಜು ಮಾಡಿದ. 1938ರ ಅಕ್ಟೋಬರಿನಲ್ಲಿ ಗೋರಿಂಗ್ ಕೈಯಿಂದ ಪದಕ ಸ್ವೀಕರಿಸಿದ್ದಲ್ಲದೆ ಅದನ್ನು ಹಿಂದಿರುಗಿಸಲೂ ಇಲ್ಲ. 1941ರ ಸೆಪ್ಟೆಂಬರ್ 11ರಂದು ಡೆ ಮಾಯ್ನ್ ನಗರದಲ್ಲಿ ಮಾಡಿದ ಭಾಷಣದಲ್ಲಿ ಅಮೆರಿಕವನ್ನು ಯುದ್ಧಕ್ಕೆ ತಳ್ಳುತ್ತಿರುವವರಲ್ಲಿ ಯಹೂದಿಗಳೂ ಸೇರಿದ್ದಾರೆಂದು ದೂರಿ ದೇಶದ ಕೋಪಕ್ಕೆ ಗುರಿಯಾದ. ಪೆಟ್ರೋಲಿನ ಲೆಕ್ಕವನ್ನು ಗಂಟೆಗೊಮ್ಮೆ ತಾಳೆ ನೋಡುತ್ತಿದ್ದವನು ಆತಿಥೇಯರು ತೋರಿಸಿದ್ದನ್ನು ತಾಳೆ ನೋಡದೆ ನಂಬಿದ. ಇದಕ್ಕೆ ಸಮರ್ಥನೆ ಹುಡುಕುವುದು ವ್ಯರ್ಥ. ಯುದ್ಧ ಬಂದಾಗ ಸೇನೆಗೆ ಮರಳಲು ಬಯಸಿದರೂ ರೂಸ್‌ವೆಲ್ಟ್ ಸರ್ಕಾರ ಬಾಗಿಲು ಮುಚ್ಚಿತು.

1944ರಲ್ಲಿ ನಲವತ್ತೆರಡರ ಲಿಂಡ್‌ಬರ್ಗ್ ವಿಮಾನ ಕಂಪನಿಯ ತಾಂತ್ರಿಕ ಪ್ರತಿನಿಧಿಯಾಗಿ, ಸಮವಸ್ತ್ರದ ಹಕ್ಕಿಲ್ಲದ ನಾಗರಿಕನಾಗಿ ಪೆಸಿಫಿಕ್ ರಣರಂಗಕ್ಕೆ ಹೋದ. ನ್ಯೂಗಿನಿಯ ಹಾಲೆಂಡಿಯಾದಲ್ಲಿ, ಅಂದರೆ ಈಗಿನ ಇಂಡೊನೇಷ್ಯದ ಜಯಪುರದಲ್ಲಿ, 475ನೇ ಫೈಟರ್ ಗ್ರೂಪಿನ ಹುಡುಗರ ಜೊತೆ ಪಿ-38 ವಿಮಾನ ಹಾರಿಸತೊಡಗಿದ. ಕೆಲವೇ ಹಾರಾಟಗಳ ನಂತರ ನೆಲದ ಸಿಬ್ಬಂದಿಗೆ ಒಂದು ಸೋಜಿಗ ಕಂಡಿತು: ಒಂದೇ ದಾರಿ ಹಾರಿ ಬಂದರೂ ಈತನ ಟ್ಯಾಂಕಿನಲ್ಲಿ ಉಳಿದವರಿಗಿಂತ ಹೆಚ್ಚು ಪೆಟ್ರೋಲು.

ಗುಟ್ಟು ಸರಳ. ಉಳಿದವರು ಎಂಜಿನ್ನನ್ನು ನಿಮಿಷಕ್ಕೆ 2,200ಕ್ಕೂ ಹೆಚ್ಚು ಸುತ್ತು ಓಡಿಸುತ್ತಿದ್ದರು. ಈತ ಅದನ್ನು 1,600ಕ್ಕೆ ಇಳಿಸಿ, ಸಿಲಿಂಡರಿಗೆ ಹೋಗುವ ಗಾಳಿಯ ಒತ್ತಡ ಏರಿಸಿ, ಪೆಟ್ರೋಲಿನ ಮಿಶ್ರಣವನ್ನು ತೆಳುವಾಗಿಡುತ್ತಿದ್ದ. ಹೆದ್ದಾರಿಯಲ್ಲಿ ಬೈಕನ್ನು ಟಾಪ್ ಗೇರಿಗೆ ಹಾಕಿ ಎಂಜಿನ್ ಅರಚದಂತೆ ಓಡಿಸುವವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಸುತ್ತು ಕಡಿಮೆಯಾದಷ್ಟೂ ಘರ್ಷಣೆಯಲ್ಲಿ ಪೋಲಾಗುವ ಶಕ್ತಿ ಕಡಿಮೆ. ಎಂಜಿನ್ ಸುಟ್ಟುಹೋದೀತೆಂದು ಹುಡುಗರು ಹೆದರಿದರು. ಈತನ ಎಂಜಿನ್‌ಗಳಿಗೆ ಏನೂ ಆಗದ್ದನ್ನು ಕಂಡು ಒಪ್ಪಿದರು. ಯುದ್ಧವಿಮಾನಗಳು ಹೋಗಿ ಕಾದಾಡಿ ಮರಳಬಲ್ಲ ದೂರ 700 ಮೈಲಿಗೆ, ಅಂದರೆ 1,100 ಕಿಲೋಮೀಟರಿಗೂ ಮಿಗಿಲಾಗಿ ಚಾಚಿತು. ಎಂಜಿನ್ ಬದಲಿಸಲಿಲ್ಲ, ಹೊಸ ಟ್ಯಾಂಕ್ ಜೋಡಿಸಲಿಲ್ಲ. ಸಮುದ್ರದ ಮೇಲೆ ಪೆಟ್ರೋಲು ಮುಗಿದು ಮುಳುಗುವ ಭೀತಿಯಲ್ಲಿದ್ದ ಹುಡುಗರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿರಲಿಲ್ಲ.

ಯುದ್ಧಾನಂತರ 1954ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಆತನನ್ನು ವಾಯುಪಡೆಯ ಮೀಸಲು ದಳದ ಬ್ರಿಗೇಡಿಯರ್ ಜನರಲ್ ಹುದ್ದೆಗೇರಿಸಿದ. ಅದೇ ವರ್ಷ ಅಟ್ಲಾಂಟಿಕ್ ಹಾರಾಟದ ಆತ್ಮಕಥನಕ್ಕೆ ಪುಲಿಟ್ಜರ್ ಬಹುಮಾನ ಬಂತು. ಜರ್ಮನಿಯಲ್ಲಿ ಆತನಿಗೆ ಗುಪ್ತ ಸಂಸಾರಗಳಿದ್ದ ಸಂಗತಿ ಹೊರಬಿದ್ದದ್ದು 2003ರಲ್ಲಿ, ಆತ ಸತ್ತು ಎಷ್ಟೋ ವರ್ಷಗಳಾದ ಮೇಲೆ.

ಕ್ಯಾನ್ಸರ್ ಉಲ್ಬಣಿಸಿದಾಗ ನ್ಯೂಯಾರ್ಕಿನ ಆಸ್ಪತ್ರೆ ಬಿಟ್ಟು ಹವಾಯಿಯ ಮಾವಿ ದ್ವೀಪಕ್ಕೆ ಹೋದ ಲಿಂಡ್‌ಬರ್ಗ್, ತನ್ನ ಸಮಾಧಿ ಹೇಗಿರಬೇಕೆಂಬ ವಿವರಗಳನ್ನೂ ತಾನೇ ನಿರ್ಧರಿಸಿ 1974ರ ಆಗಸ್ಟ್ 26ರಂದು ತೀರಿಕೊಂಡ. ಆತನ ಪುಟ್ಟ ವಿಮಾನ 174 ಹಾರಾಟಗಳನ್ನು ಮುಗಿಸಿ 1928ರಲ್ಲೇ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹ ಸೇರಿತ್ತು. ಅದರ ಮಾಪಕಗಳ ಹಲಗೆಯ ಮೇಲೆ, ಯಾವ ಟ್ಯಾಂಕಿನಿಂದ ಎಷ್ಟು ಗಂಟೆಯ ಪೆಟ್ರೋಲು ಖರ್ಚಾಯಿತೆಂದು ಆತ ಗುರುತು ಹಾಕಿಕೊಂಡ ಪೆನ್ಸಿಲ್ ಗೀಟುಗಳು ಅಳಿಸದೆ ಉಳಿದಿವೆ.