ಗುಪ್ತಸಂಘದಿಂದ ನವಮಾನವತಾವಾದಕ್ಕೆ: ಎಂ. ಎನ್. ರಾಯ್ ಅವರ ನಿರ್ಗಮನದ ಎರಡು ಹಂತಗಳು

ಹಿಂಸೆಯನ್ನು ಮಾರ್ಗವಾಗಿ ಸ್ವೀಕರಿಸಿದ ಗುಪ್ತಸಂಘವೊಂದರಿಂದ ಹೊರಬರುವುದೆಂದರೆ ಆಯುಧವನ್ನು ಕೆಳಗಿಡುವುದೇ ಅಥವಾ ಆಯುಧವನ್ನು ಹಿಡಿಸಿದ ಮನೋಧರ್ಮವನ್ನು ತೊರೆಯುವುದೇ? ಇವೆರಡೂ ಏಕಕಾಲದಲ್ಲಿ ಘಟಿಸಬೇಕೆಂದಿಲ್ಲ ಎಂಬುದಕ್ಕೆ ಎಂ. ಎನ್. ರಾಯ್ (1887-1954) ಅವರ ಜೀವನ ಒಂದು ಮಹತ್ವದ ನಿದರ್ಶನ. ರಾಯ್ ಅವರನ್ನು ಸಾಮಾನ್ಯವಾಗಿ ಕಮ್ಯುನಿಸ್ಟ್ ಚಳವಳಿಯ ಚರಿತ್ರೆಯಲ್ಲಿ ಇಲ್ಲವೇ ನವಮಾನವತಾವಾದದ ಚರ್ಚೆಯಲ್ಲಿ ಇರಿಸಿ ನೋಡಲಾಗಿದೆ. ಪ್ರಸ್ತುತ ಲೇಖನದಲ್ಲಿ ಅವರನ್ನು ಗುಪ್ತಸಂಘವನ್ನು ತೊರೆದ ವ್ಯಕ್ತಿಯಾಗಿ ಪರಿಶೀಲಿಸಲಾಗಿದೆ.

ರಾಯ್ ಅವರ ಮೂಲ ಹೆಸರು ನರೇಂದ್ರನಾಥ ಭಟ್ಟಾಚಾರ್ಯ. ಜನ್ಮಸ್ಥಳ ಬಂಗಾಳದ 24 ಪರಗಣಗಳ ಅರ್ಬೇಲಿಯಾ. 1905ರ ಬಂಗಾಳ ವಿಭಜನೆಯ ಕಾಲದಲ್ಲಿ ಹಬ್ಬಿದ ಆಕ್ರೋಶ ಅವರನ್ನು ಕ್ರಾಂತಿಕಾರಿಗಳ ಬಳಗಕ್ಕೆ ತಂದಿತು. 1907ರ ಚಿಂಗ್ರಿಪೋಟಾ ರೈಲುನಿಲ್ದಾಣದ ದರೋಡೆ, 1910ರ ಹೌರಾ-ಶಿಬ್‌ಪುರ ಪಿತೂರಿ ಮೊಕದ್ದಮೆ, 1915ರ ಗಾರ್ಡನ್ ರೀಚ್ ದರೋಡೆ ಇವೆಲ್ಲದರಲ್ಲಿ ಅವರ ಹೆಸರು ಕೇಳಿಬಂದಿತು. ಆದರೆ ಅವರನ್ನು ಸಂಘದಲ್ಲಿ ಹಿಡಿದಿಟ್ಟದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ನಾಯಕ ಜತೀಂದ್ರನಾಥ ಮುಖರ್ಜಿಯವರ (ಬಾಘಾ ಜತೀನ್) ಮೇಲಿನ ನಿಷ್ಠೆ. ಈ ಅಂಶ ಮುಂದಿನ ಬೆಳವಣಿಗೆಯನ್ನು ಅರಿಯಲು ಅತ್ಯಗತ್ಯ.

ಮೊದಲ ಮಹಾಯುದ್ಧದ ಅವಧಿಯಲ್ಲಿ ಜರ್ಮನಿಯಿಂದ ಶಸ್ತ್ರಾಸ್ತ್ರ ತರುವ ಯೋಜನೆ ರೂಪುಗೊಂಡಿತು. ಅದಕ್ಕಾಗಿ 1915ರಲ್ಲಿ ನರೇಂದ್ರನಾಥರು ಮಾರ್ಟಿನ್ ಎಂಬ ಹೆಸರಿನಲ್ಲಿ ಬಟೇವಿಯಾಕ್ಕೆ ತೆರಳಿದರು. ನಿರೀಕ್ಷಿತ ಆಯುಧಗಳು ಬಂಗಾಳವನ್ನು ತಲುಪಲೇ ಇಲ್ಲ. ಅದೇ ವರ್ಷ ಅವರು ಮತ್ತೆ ದೇಶ ಬಿಟ್ಟರು. ಅವರು ಹೊರಗಿದ್ದಾಗಲೇ, ಸೆಪ್ಟೆಂಬರ್‌ನಲ್ಲಿ ಬಾಲಸೋರ್ ಬಳಿ ಪೊಲೀಸರೊಡನೆ ನಡೆದ ಕಾಳಗದಲ್ಲಿ ಗಾಯಗೊಂಡ ಜತೀನ್ ಮರಣ ಹೊಂದಿದರು. ಆಜ್ಞೆ ಕೊಟ್ಟವರೇ ಇಲ್ಲವಾದಾಗ ಆಜ್ಞೆಯನ್ನು ಹೊತ್ತು ಹೊರಟವನ ಸ್ಥಿತಿ ಏನು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ರಾಯ್ ಅವರ ಮೊದಲ ಪ್ರತಿಕ್ರಿಯೆ ಸೇಡಿನದಾಗಿತ್ತು.

1916ರಲ್ಲಿ ಅವರು ಅಮೆರಿಕ ತಲುಪಿದರು. ಗುರುತು ಮರೆಸಲು ಮಾನವೇಂದ್ರನಾಥ ರಾಯ್ ಎಂಬ ಹೆಸರು ತಳೆದರು. ಸ್ಟ್ಯಾನ್‌ಫರ್ಡ್‌ನಲ್ಲಿ ಪರಿಚಿತರಾದ ಎವೆಲಿನ್ ಟ್ರೆಂಟ್ ಅವರ ಸಹಚರ್ಯ ಮತ್ತು ನ್ಯೂಯಾರ್ಕಿನಲ್ಲಿ ನಡೆದ ಓದು ಹೊಸ ಲೋಕವನ್ನು ತೆರೆದವು. ಲಾಲಾ ಲಜಪತ ರಾಯರ ಸಭೆಯೊಂದರಲ್ಲಿ ಶ್ರೋತೃವೊಬ್ಬರು, ಭಾರತದ ಬಡವನನ್ನು ಪರಕೀಯರ ಬದಲು ಸ್ವದೇಶೀಯರೇ ಶೋಷಿಸಿದರೆ ಅವನಿಗೆ ಏನು ವ್ಯತ್ಯಾಸವಾಗುತ್ತದೆ ಎಂದು ಕೇಳಿದರಂತೆ. ಲಜಪತರ ಉತ್ತರ ರಾಯ್ ಅವರಿಗೆ ಸಮಾಧಾನ ತರಲಿಲ್ಲ. ಶತ್ರು ಯಾರು ಎಂಬ ಪ್ರಶ್ನೆಯ ಜಾಗದಲ್ಲಿ ಸ್ವಾತಂತ್ರ್ಯ ಯಾರಿಗಾಗಿ ಎಂಬ ಪ್ರಶ್ನೆ ಬಂದು ನಿಂತಿತು. ಜತೀನರ ಸಾವಿಗೆ ನಿಜವಾದ ಪ್ರತೀಕಾರವೆಂದರೆ ಮನುಷ್ಯನ ಶ್ರೇಷ್ಠತೆ ಅರಳಬಲ್ಲ ಸಮಾಜವನ್ನು ಕಟ್ಟುವುದು ಎಂಬ ನಿಲುವಿಗೆ ತಾವು ಬಂದುದನ್ನು ರಾಯ್ ಬಹುಕಾಲದ ಅನಂತರ ವಿವರಿಸಿದ್ದಾರೆ. ಅಂದರೆ ಅವರು ನಾಯಕನ ಮೇಲಿನ ನಿಷ್ಠೆಯನ್ನು ಮುರಿಯಲಿಲ್ಲ, ಅದರ ಅರ್ಥವನ್ನು ಬದಲಿಸಿಕೊಂಡರು. ಗುಪ್ತಸಂಘದಿಂದ ಅವರ ನಿರ್ಗಮನ ಸಾಧ್ಯವಾದದ್ದು ಈ ಮಾರ್ಗದಿಂದ.

ಆದರೆ ಇದು ಅರ್ಧ ನಿರ್ಗಮನ ಮಾತ್ರ. ಮೆಕ್ಸಿಕೋದಲ್ಲಿ ಕಮ್ಯುನಿಸ್ಟರಾದ ರಾಯ್ 1920ರಲ್ಲಿ ಕಮ್ಯುನಿಸ್ಟ್ ಅಂತರರಾಷ್ಟ್ರೀಯದ ಎರಡನೆಯ ಅಧಿವೇಶನದಲ್ಲಿ ಪಾಲ್ಗೊಂಡರು. ಅನಂತರ ತಾಷ್ಕೆಂಟ್‌ನಲ್ಲಿ ಭಾರತೀಯ ಮುಹಾಜಿರರಿಗೆ ಸೈನಿಕ ಶಿಕ್ಷಣ ಕೊಡಿಸುವ ಕಾರ್ಯಕ್ಕೆ ತೊಡಗಿದರು. ಆಯುಧದಿಂದ ವಿಮೋಚನೆ ಎಂಬ ಹಳೆಯ ನಂಬಿಕೆ ಹೊಸ ಸಿದ್ಧಾಂತದೊಳಗೂ ಉಳಿದುಕೊಂಡಿತ್ತು. 1929ರಲ್ಲಿ ಅವರು ಅಂತರರಾಷ್ಟ್ರೀಯದಿಂದ ಉಚ್ಚಾಟಿತರಾದರು. ಭಾರತಕ್ಕೆ ಮರಳಿ, 1931ರಲ್ಲಿ ಮುಂಬಯಿಯಲ್ಲಿ ಸೆರೆಯಾಗಿ, 1936ರಲ್ಲಿ ಬಿಡುಗಡೆ ಹೊಂದಿದರು. ಸೆರೆಮನೆಯಲ್ಲಿ ತುಂಬಿಸಿದ ಟಿಪ್ಪಣಿ ಪುಸ್ತಕಗಳು ಅವರ ಚಿಂತನೆ ರಾಜಕೀಯದಿಂದ ತತ್ವಶಾಸ್ತ್ರದ ಕಡೆಗೆ ಹೊರಳಿದ್ದಕ್ಕೆ ಸಾಕ್ಷಿ. ಜರ್ಮನಿಯ ಆಯುಧಕ್ಕಾಗಿ ಸಮುದ್ರ ದಾಟಿದ್ದವರು ಎರಡನೆಯ ಮಹಾಯುದ್ಧದಲ್ಲಿ ನಾಜಿ ಜರ್ಮನಿಯ ವಿರುದ್ಧ ಬ್ರಿಟನ್ನಿನ ಯುದ್ಧಪ್ರಯತ್ನವನ್ನು ಬೆಂಬಲಿಸಿದರು. ಇದಕ್ಕಾಗಿ ಅವರು ತೆತ್ತ ಬೆಲೆ ಒಂಟಿತನ.

1946ರ 22 ಸೂತ್ರಗಳಲ್ಲಿ ವ್ಯಕ್ತಿಯ ಸ್ವಾತಂತ್ರ್ಯವನ್ನು ಸಮಷ್ಟಿಯ ಹೆಸರಿನಲ್ಲಿ ಬಲಿಕೊಡಲಾಗದೆಂಬ ನಿಲುವು ಸ್ಪಷ್ಟ ರೂಪ ಪಡೆಯಿತು. 1948ರಲ್ಲಿ ರಾಯ್ ತಾವೇ ಕಟ್ಟಿದ ರ್‍ಯಾಡಿಕಲ್ ಡೆಮಾಕ್ರಟಿಕ್ ಪಕ್ಷವನ್ನು ವಿಸರ್ಜಿಸಿದರು. ಎರಡನೆಯ ನಿರ್ಗಮನ ಪೂರ್ಣಗೊಂಡದ್ದು ಇಲ್ಲಿ. ಮೊದಲನೆಯದಕ್ಕೂ ಇದಕ್ಕೂ ನಡುವೆ ಮೂವತ್ತಕ್ಕೂ ಹೆಚ್ಚು ವರ್ಷಗಳ ಅಂತರವಿದೆ. 1954ರ ಜನವರಿಯಲ್ಲಿ ಡೆಹ್ರಾಡೂನಿನಲ್ಲಿ ಅವರು ನಿಧನರಾದರು.

ರಾಯ್ ಅವರ ಆತ್ಮಕಥನವನ್ನು ಈ ವಿಷಯದಲ್ಲಿ ಎಚ್ಚರದಿಂದ ಬಳಸಬೇಕಾಗುತ್ತದೆ. ಅದರ ನಿರೂಪಣೆ 1915ರ ಪ್ರಯಾಣದಿಂದಲೇ ತೊಡಗುತ್ತದೆ. ಗುಪ್ತಸಂಘದ ದಿನಗಳು ಕಥನದ ಹೊರಗುಳಿಯುತ್ತವೆ. ಎವೆಲಿನ್ ಅವರ ಹೆಸರೂ ಅಲ್ಲಿ ಕಾಣಿಸುವುದಿಲ್ಲ. ಪರಿವರ್ತನೆಯ ಕಥೆಗಳು ಹೆಚ್ಚಾಗಿ ಗ್ರಂಥಗಳಿಗೆ ಮಾನ್ಯತೆ ಕೊಟ್ಟು ಜೊತೆಗಿದ್ದ ಮನುಷ್ಯರನ್ನು ಮರೆಯುತ್ತವೆ ಎಂಬುದನ್ನು ಇದು ಸೂಚಿಸುತ್ತದೆ.

ಒಟ್ಟಾರೆಯಾಗಿ, ರಾಯ್ ಅವರನ್ನು ಹಿಂಸೆಯ ಮಾರ್ಗದಿಂದ ದೂರ ತಂದದ್ದು ಭಯವೂ ಅಲ್ಲ, ಶಿಕ್ಷೆಯೂ ಅಲ್ಲ. ದೂರ, ನಾಯಕನ ಸಾವು, ಹೊಸ ಸಂಗಾತಿಗಳು ಮತ್ತು ಉತ್ತರ ದೊರೆಯದ ಒಂದು ಪ್ರಶ್ನೆ ಸೇರಿ ಆ ಕೆಲಸ ಮಾಡಿದವು. ಸಂಘವನ್ನು ಬಿಡಲು ಅವರಿಗೆ ಕೆಲವೇ ವರ್ಷಗಳು ಸಾಕಾದವು. ಗುರಿಗಾಗಿ ಮನುಷ್ಯನನ್ನು ಸಾಧನವಾಗಿಸುವ ಮನೋಧರ್ಮವನ್ನು ಬಿಡಲು ಉಳಿದ ಆಯುಷ್ಯದ ಬಹುಭಾಗವೇ ಬೇಕಾಯಿತು.