ಸಂತ ತೋಮಸ್ ಬೆಕೆಟ್

ಕಪ್ಪದ ನಾಣ್ಯವನ್ನು ಕುರಿತು ಪ್ರಶ್ನಿಸಿದವರಿಗೆ ಪ್ರಭು ಯೇಸು ಕೊಟ್ಟ ಉತ್ತರವನ್ನು ನಾವೆಲ್ಲರೂ ಬಲ್ಲೆವು. ಆದರೆ ದೊರೆಗೆ ಸಲ್ಲತಕ್ಕದ್ದು ಎಲ್ಲಿ ಮುಗಿಯುತ್ತದೆ, ದೇವರಿಗೆ ಸಲ್ಲತಕ್ಕದ್ದು ಎಲ್ಲಿ ಮೊದಲಾಗುತ್ತದೆ ಎಂದು ಗೆರೆ ಎಳೆಯುವುದು ಸುಲಭವಲ್ಲ. ಆ ಗೆರೆಯ ಎರಡು ಬದಿಗಳಲ್ಲಿಯೂ ನಿಂತು ಕಂಡವರು ಇಂಗ್ಲೆಂಡಿನ ಸಂತ ತೋಮಸ್ ಬೆಕೆಟ್.

1120ರ ಸುಮಾರಿಗೆ ಲಂಡನ್ನಿನ ವರ್ತಕರೊಬ್ಬರ ಮಗನಾಗಿ ಜನಿಸಿದ ಇವರಿಗೆ, ಭಾರತದ ಪ್ರೇಷಿತರೆಂದು ನಾವು ಗೌರವಿಸುವ ಸಂತ ತೋಮಸರ ಹೆಸರನ್ನೇ ಇಡಲಾಯಿತು. ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರ ಸೇವೆಯಲ್ಲಿ ಬೆಳೆದು, 1155ರ ವೇಳೆಗೆ ಅರಸ ಎರಡನೆಯ ಹೆನ್ರಿಯ ಮುದ್ರಾಧಿಕಾರಿಯಾದರು. ಅರಸನಿಗೆ ಇವರಷ್ಟು ಆಪ್ತರು ಬೇರೊಬ್ಬರಿರಲಿಲ್ಲ. 1159ರ ತೂಲೂಸ್ ದಂಡಯಾತ್ರೆಯಲ್ಲಿ ಇವರು ಕವಚ ತೊಟ್ಟು ಸೇನೆಯೊಡನೆ ನಡೆದರು. ಅದರ ವೆಚ್ಚಕ್ಕಾಗಿ ಧರ್ಮಸಭೆಯ ಮೇಲೆ ಭಾರವಾದ ತೆರಿಗೆ ಬಿದ್ದಾಗ ಅಪವಾದ ಇವರ ಮೇಲೂ ಬಂದಿತು. ಸಂತರ ಚರಿತ್ರೆಯೆಂದು ಇದನ್ನು ಮುಚ್ಚಿಡಬೇಕಾಗಿಲ್ಲ.

ತನ್ನ ಮಿತ್ರನೇ ಮಹಾಧರ್ಮಾಧ್ಯಕ್ಷನಾದರೆ ಧರ್ಮಸಭೆಯೂ ತನ್ನ ಕೈಯಲ್ಲಿರುತ್ತದೆಂದು ಹೆನ್ರಿ ಎಣಿಸಿದನು. 1162ರ ಜೂನ್ 2ರಂದು ತೋಮಸರಿಗೆ ಗುರುದೀಕ್ಷೆ, ಮರುದಿನವೇ ಧರ್ಮಾಧ್ಯಕ್ಷ ದೀಕ್ಷೆ! ಆದರೆ ಅವರು ರಾಜಮುದ್ರೆಯನ್ನು ಹಿಂದಿರುಗಿಸಿಬಿಟ್ಟರು. ಅರಸನಿಗೆ ಅದು ಮೊದಲನೆಯ ಪೆಟ್ಟು.

1164ರ ಜನವರಿಯಲ್ಲಿ ಕ್ಲಾರೆಂಡನ್ನಿನಲ್ಲಿ ಅರಸನು 16 ಕಟ್ಟಳೆಗಳನ್ನು ಮುಂದಿಟ್ಟನು. ಅಪರಾಧಿಯೆಂದು ತೀರ್ಮಾನವಾದ ಯಾಜಕನನ್ನು ಪದವಿಯಿಂದ ಇಳಿಸಿ, ಶಿಕ್ಷೆಗಾಗಿ ರಾಜನ ನ್ಯಾಯಾಲಯಕ್ಕೆ ಒಪ್ಪಿಸಬೇಕೆಂಬುದು ಅವುಗಳಲ್ಲೊಂದು. ಒಂದೇ ತಪ್ಪಿಗೆ ಎರಡು ಶಿಕ್ಷೆ ಸಲ್ಲದೆಂದು ತೋಮಸರು ವಾದಿಸಿದರು. ಇದರಲ್ಲಿ ಅರಸನ ಬೇಡಿಕೆ ಪೂರ್ತಿ ಅನ್ಯಾಯವಾಗಿತ್ತೆಂದು ನಾವು ಹೇಳಲಾರೆವು. ಕೊಲೆ ಮಾಡಿದವನು ಯಾಜಕವಸ್ತ್ರದ ಮರೆಯಲ್ಲಿ ಪಾರಾಗುವುದನ್ನು ಸತ್ತವನ ಮನೆಯವರು ಹೇಗೆ ಸಹಿಸಿಯಾರು? ಅಂಥವನು ನಾಡಿನ ಕಾನೂನಿಗೂ ಉತ್ತರ ಹೇಳಬೇಕೆಂಬುದನ್ನು ಇಂದು ಧರ್ಮಸಭೆಯೂ ಒಪ್ಪಿದೆ. ಆದರೆ ಅದೇ ಪತ್ರದಲ್ಲಿ, ಅರಸನ ಅನುಮತಿಯಿಲ್ಲದೆ ರೋಮಿಗೆ ಮೇಲ್ಮನವಿ ಹೋಗಕೂಡದು, ತೆರವಾದ ಧರ್ಮಪೀಠಗಳ ಆದಾಯ ಅರಸನಿಗೆ ಸೇರಬೇಕು, ಹೊಸ ಧರ್ಮಾಧ್ಯಕ್ಷರ ಆಯ್ಕೆ ಅರಸನ ಪ್ರಾರ್ಥನಾಲಯದಲ್ಲೇ ಅವನ ಒಪ್ಪಿಗೆಯಿಂದ ನಡೆಯಬೇಕು ಎಂದೂ ಇತ್ತು. ನ್ಯಾಯವಾದ ಒಂದು ಬೇಡಿಕೆಯ ಬೆನ್ನಿಗೆ ಎಷ್ಟೊಂದು ಬಂದವು ನೋಡಿ!

ತೋಮಸರು ಒತ್ತಡಕ್ಕೆ ಮಣಿದು ಬಾಯಿಮಾತಿನಲ್ಲಿ ಒಪ್ಪಿದರು. ಅನಂತರ ಪಶ್ಚಾತ್ತಾಪದಿಂದ, ಜಗದ್ಗುರುಗಳ ಕ್ಷಮೆ ದೊರೆಯುವವರೆಗೆ ಬಲಿಪೂಜೆ ಅರ್ಪಿಸದೆ ಉಳಿದರು. ಲಂಡನ್ನಿನ ಧರ್ಮಾಧ್ಯಕ್ಷ ಗಿಲ್ಬರ್ಟ್ ಫೋಲಿಯಟ್ಟರೇ ಅವರಿಗೆ ಎದುರು ನಿಂತರು. ಜಗದ್ಗುರು ಮೂರನೆಯ ಅಲೆಕ್ಸಾಂಡರರಿಗೋ, ಚಕ್ರವರ್ತಿ ಫ್ರೆಡರಿಕನು ಎತ್ತಿಹಿಡಿದಿದ್ದ ಪ್ರತಿಸ್ಪರ್ಧಿಯ ಕಾಟ. ಹೆನ್ರಿಯ ಬೆಂಬಲ ಅವರಿಗೂ ಬೇಕಾಗಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ನಾರ್ಥಾಂಪ್ಟನ್ನಿನಲ್ಲಿ ಹಳೆಯ ಲೆಕ್ಕಪತ್ರಗಳ ನೆಪದಿಂದ ವಿಚಾರಣೆ ನಡೆದಾಗ, ತೋಮಸರು ಶಿಲುಬೆಯನ್ನು ತಾವೇ ಹಿಡಿದು ಸಭೆಗೆ ಬಂದರು. ಬಳಿಕ ರಾತ್ರೋರಾತ್ರಿ ಹೊರಟು, ಸಮುದ್ರ ದಾಟಿ ಫ್ರಾನ್ಸನ್ನು ಸೇರಿ, ಆರು ವರ್ಷ ಅಲ್ಲಿಯೇ ಉಳಿದರು. ಅರಸನು ಅವರ ಬಂಧುಬಳಗವನ್ನೂ ದೇಶದಿಂದ ಅಟ್ಟಿದನು.

1170ರ ಡಿಸೆಂಬರಿನಲ್ಲಿ, ಸಂಧಾನದ ನಂತರ, ಅವರು ತಮ್ಮ ಪೀಠಕ್ಕೆ ಮರಳಿದರು. ಅರಸನ ಮಗನಿಗೆ ಕ್ರಮಬಾಹಿರವಾಗಿ ಪಟ್ಟ ಕಟ್ಟಿದ ಧರ್ಮಾಧ್ಯಕ್ಷರ ಮೇಲೆ ಅವರು ಹೊರಡಿಸಿದ್ದ ದಂಡನೆಯ ಸುದ್ದಿ ಕೇಳಿ ಅರಸನು ಕಿಡಿಕಿಡಿಯಾದನು. ಅವನ ಸಿಟ್ಟಿನ ಮಾತನ್ನೇ ಅಪ್ಪಣೆಯೆಂದು ತಿಳಿದು ನಾಲ್ವರು ಸರದಾರರು ಹೊರಟರು. ಡಿಸೆಂಬರ್ 29ರ ಸಂಜೆ, ಸನ್ಯಾಸಿಗಳು ಪ್ರಧಾನಾಲಯದ ಬಾಗಿಲಿಗೆ ಅಗುಳಿ ಹಾಕಹೋದರೆ, ದೇವಾಲಯವನ್ನು ಕೋಟೆ ಮಾಡಬಾರದೆಂದು ತೋಮಸರು ತಡೆದರು. ಕತ್ತಿಯ ಏಟುಗಳಿಗೆ ಅಲ್ಲಿಯೇ ಉರುಳಿದರು. ಪೀಠವಸ್ತ್ರದ ಒಳಗೆ ಅವರು ತೊಟ್ಟಿದ್ದ ಒರಟು ಕೂದಲಿನ ಅಂಗಿ ಅಂದೇ ಸನ್ಯಾಸಿಗಳ ಕಣ್ಣಿಗೆ ಬಿದ್ದದ್ದು.

1173ರಲ್ಲಿ ಅವರಿಗೆ ಸಂತಪದವಿ ದೊರೆಯಿತು. 1174ರ ಜುಲೈಯಲ್ಲಿ ಹೆನ್ರಿಯೇ ಬರಿಗಾಲಿನಲ್ಲಿ ಸಮಾಧಿಗೆ ನಡೆದುಬಂದು, ಸನ್ಯಾಸಿಗಳ ಕೈಯಿಂದ ಛಡಿಯೇಟು ತಿಂದನು. ಅಲ್ಲಿಗೆ ಮುಗಿಯಲಿಲ್ಲ. 1538ರಲ್ಲಿ ಎಂಟನೆಯ ಹೆನ್ರಿ ಆ ಪುಣ್ಯಸ್ಥಾನವನ್ನು ಒಡೆಸಿ, ಚಿನ್ನ ಮತ್ತು ರತ್ನಗಳನ್ನು ಬೊಕ್ಕಸಕ್ಕೆ ಸಾಗಿಸಿದನು. ಅದಿದ್ದ ಬರಿಯ ನೆಲದ ಮೇಲೆ ಇಂದು ಒಂದು ಮೇಣದಬತ್ತಿ ಉರಿಯುತ್ತದೆ.