ಪ್ರೊ. ಸತೀಶ್ ಧವನ್ (1920–2002)

ಭಾರತೀಯ ಬಾಹ್ಯಾಕಾಶ ಕಾರ್ಯಕ್ರಮದ ಆಡಳಿತವನ್ನು ಬೆಂಗಳೂರಿನಲ್ಲಿ ನೆಲೆಗೊಳಿಸಿದ ಪ್ರೊ. ಸತೀಶ್ ಧವನ್ ಅವರು 1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿದರು. ಲಾಹೋರಿನಲ್ಲಿ ವಿಜ್ಞಾನ, ಇಂಗ್ಲಿಷ್ ಸಾಹಿತ್ಯ ಹಾಗೂ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿಗಳನ್ನು ಪಡೆದು, ನಗರದ ಪೂರ್ವಭಾಗದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಕೆಲಕಾಲ ಕಾರ್ಯನಿರ್ವಹಿಸಿದರು. ತರುವಾಯ ಅಮೆರಿಕದ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯಿಂದ ಡಾಕ್ಟರೇಟ್ ಪದವಿ ಪಡೆದು, 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. 1962ರಿಂದ 1981ರವರೆಗೆ ಅದರ ನಿರ್ದೇಶಕರಾಗಿದ್ದರು.

ಸಂಸ್ಥೆಯಲ್ಲಿ ಅವರು ಶಬ್ದಾತೀತ ವೇಗದ ಗಾಳಿ ಸುರಂಗವನ್ನು ನಿರ್ಮಿಸಿದರು. ದಂಡು ಪ್ರದೇಶಕ್ಕೆ ಹೊಂದಿಕೊಂಡ ಜಯಮಹಲ್ ರಸ್ತೆಯ ಅರಮನೆ ಲಾಯಗಳಲ್ಲಿ 1960ರಲ್ಲಿ ಕಾರ್ಯಾರಂಭ ಮಾಡಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯಕ್ಕೆ ಈ ಅನುಭವವು ನೆರವಾಯಿತು. ಇಂದಿರಾನಗರದ ದಕ್ಷಿಣಕ್ಕೆ, ಹಳೆಯ ವಿಮಾನ ನಿಲ್ದಾಣದ ಸಮೀಪ, 1.2 ಮೀಟರ್ ಅಗಲದ ಗಾಳಿ ಸುರಂಗವು 1967ರಲ್ಲಿ ಸಿದ್ಧವಾಯಿತು. ಭಾರತದ ಉಪಗ್ರಹ ವಾಹಕಗಳ ಮಾದರಿಗಳನ್ನು ಇಲ್ಲಿ ಪರೀಕ್ಷಿಸಲಾಗುತ್ತದೆ.

ಬಹುಹಂತದ ರಾಕೆಟ್ ಉದ್ದವಾದ, ತೆಳುವಾದ ರಚನೆಯಾಗಿದ್ದು, ಹಾರಾಟದಲ್ಲಿ ಬಿದಿರಿನ ಗಳದಂತೆ ಬಾಗಿ ಕಂಪಿಸುತ್ತದೆ. ಇಂಧನ ಉರಿದು ತೂಕ ಇಳಿದಂತೆ, ಹಂತಗಳು ಕಳಚಿದಂತೆ, ಅದರ ಸಹಜ ಕಂಪನಾಂಕವೂ ಬದಲಾಗುತ್ತದೆ. ಶಬ್ದವೇಗವನ್ನು ದಾಟುವಾಗ ಗಾಳಿಯ ಹೊಡೆತ ತೀವ್ರವಾಗಿರುತ್ತದೆ. ಈ ಹೊಡೆತವಾಗಲಿ, ದಿಕ್ಕು ತಿದ್ದುವ ನಿಯಂತ್ರಣ ವ್ಯವಸ್ಥೆಯ ಚಲನೆಯಾಗಲಿ ಸಹಜ ಕಂಪನಾಂಕಕ್ಕೆ ಹೊಂದಿಕೆಯಾದಲ್ಲಿ ಕಂಪನವು ಬೆಳೆದು ವಾಹಕವೇ ಮುರಿಯಬಹುದು. ಆದುದರಿಂದ ಗಾಳಿ ಸುರಂಗದಲ್ಲಿ ಮಾದರಿಗಳನ್ನೂ, ಕಂಪನ ಮೇಜಿನ ಮೇಲೆ ನೈಜ ಭಾಗಗಳನ್ನೂ ಮುಂಚಿತವಾಗಿ ಪರೀಕ್ಷಿಸುವುದು ಅನಿವಾರ್ಯ.

1972ರಲ್ಲಿ ಇಸ್ರೋ ಅಧ್ಯಕ್ಷರಾದ ಧವನ್ ಅವರು, ಕೇಂದ್ರ ಕಚೇರಿಯು ಬೆಂಗಳೂರಿನಲ್ಲಿರಬೇಕು ಹಾಗೂ ತಾವು ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು ಎಂಬ ಷರತ್ತುಗಳೊಡನೆ ಹೊಣೆಯನ್ನು ವಹಿಸಿಕೊಂಡರು. 22 ಮೀಟರ್ ಎತ್ತರದ, ನಾಲ್ಕು ಹಂತಗಳ ಎಸ್.ಎಲ್.ವಿ.-3 ವಾಹಕವು 1979ರ ಆಗಸ್ಟ್ 10ರಂದು ಬಂಗಾಳ ಕೊಲ್ಲಿಗೆ ಬಿದ್ದಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಕವಾಟದಿಂದ ಆಮ್ಲ ಸೋರಿದ್ದೇ ಕಾರಣವೆಂದು ತನಿಖೆಯಿಂದ ತಿಳಿದುಬಂದಿತು. ಅಂದು ಪತ್ರಕರ್ತರನ್ನು ಸ್ವತಃ ಎದುರಿಸಿದ ಧವನ್ ಅವರು ಸೋಲಿನ ಹೊಣೆಯನ್ನು ತಾವೇ ಹೊತ್ತರು. 1980ರ ಜುಲೈ 18ರಂದು 35 ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವು ಕಕ್ಷೆ ಸೇರಿದಾಗ, ಪತ್ರಿಕಾಗೋಷ್ಠಿಯನ್ನು ಯೋಜನಾ ನಿರ್ದೇಶಕ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಗೆ ಒಪ್ಪಿಸಿದರು.

1981ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗೆ ಭಾಜನರಾದ ಅವರು, 1984ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದರು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷ ಶ್ರೀಹರಿಕೋಟಾದ ಉಡಾವಣಾ ಕೇಂದ್ರಕ್ಕೆ ಅವರ ಹೆಸರನ್ನು ಇಡಲಾಯಿತು. ಮುರುಗೇಶಪಾಳ್ಯದ ವಿಂಡ್ ಟನಲ್ ರಸ್ತೆಯು ಆ ಗಾಳಿ ಸುರಂಗದ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ.